ಎದುರು ತಂಡದ ಬೆಂಚು

ಗೋಡೆಯ ಮೇಲೆ ತನ್ನದೇ ಸಹಿ, ಪ್ರೊಜೆಕ್ಟರಿನ ಬೆಳಕಿನಲ್ಲಿ ಆಳೆತ್ತರಕ್ಕೆ ಹಿಗ್ಗಿ, ಅದರ ಬಾಲ ಹೋಗಿ ಕಿಟಕಿಯ ಚೌಕಟ್ಟಿಗೆ ತಾಗಿದೆ, ಇಷ್ಟು ದೊಡ್ಡದಾಗಿ ಸಹಿ ಹಾಕುವ ಹೆಂಗಸು ಯಾರಪ್ಪಾ ಎಂದು ವೇದವತಿಗೆ ಒಂದು ಗಳಿಗೆ ಅನಿಸಿ, ಮರುಗಳಿಗೆಗೆ ಗುರುತು ಹತ್ತಿತು — ಅವಳೇ, ಇನ್ಯಾರು, ಸಹಿಯ ಪಕ್ಕ ಕನ್ನಡ ಸಂಘದ ಮೊಹರು, ಮೇಲೆ ಅವಳೇ ಕೂತು ಇಂಗ್ಲಿಷಿಗೆ ತಿರುಗಿಸಿಕೊಟ್ಟ ಸನ್ಮಾನ ಪತ್ರ, ಅದನ್ನು ಕಮಿಟಿಯ ಅಧ್ಯಕ್ಷೆ ಹೆಲೆನ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೋರ್ಟಿನಲ್ಲಿ ಸಾಕ್ಷಿ ಓದುವವಳ ಹಾಗೆ ಓದುತ್ತಿದ್ದಾಳೆ, ತನ್ನ ಆಟಗಾರರ ನೋವನ್ನು ತನ್ನ ನೋವೆಂದೇ ಬಗೆದವರು, ಅಲ್ಲಿ ನಿಲ್ಲಿಸುತ್ತಾಳೆ, ಎಲ್ಲರ ಮುಖ ನೋಡುತ್ತಾಳೆ, ಅಯ್ಯೋ ಓದಮ್ಮಾ ಮುಂದಕ್ಕೆ, ಸರಿಯಾಗಿ ಅಲ್ಲೇ ಯಾಕೆ ನಿಲ್ಲಿಸುತ್ತೀ. ಮೇಜಿನ ಸುತ್ತ ಏಳು ಜನ, ಕಾಲೇಜಿನ ಫುಟ್‌ಬಾಲ್ ತಂಡದ ಹೆಡ್ ಕೋಚ್ ಗ್ರೇಡಿಯನ್ನು ಇಟ್ಟುಕೊಳ್ಳುವುದೋ ಬದಲಾಯಿಸುವುದೋ ಎಂದು ಇವತ್ತೇ ಹೇಳಿ ಮುಗಿಸಬೇಕು, ಇರಲಿ ಅಂದವರು ಮೂವರು, ಬೇಡ ಅಂದವರು ಮೂವರು, ಏಳನೆಯವಳು ಇವಳು, ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವ ಮೈಸೂರಿನ ವೇದವತಿ, ಫುಟ್‌ಬಾಲ್ ಅಂದರೆ ಕಾಲಿನಲ್ಲಿ ಒದೆಯುವ ಆಟ ಎಂದು, ಈ ದೇಶದಲ್ಲಿ ಅದು ಹೆಲ್ಮೆಟ್ಟು ಹಾಕಿಕೊಂಡು ಚೆಂಡು ಹಿಡಿದು ಡಿಕ್ಕಿ ಹೊಡೆಯುವ ಆಟ ಎಂದು ಗೊತ್ತಿಲ್ಲದೆ, ಮೊನ್ನೆಮೊನ್ನೆಯವರೆಗೂ ನಂಬಿಕೊಂಡಿದ್ದವಳು, ಮೇಷ್ಟ್ರುಗಳ ಕಡೆಯಿಂದ ಒಬ್ಬರು ಕಮಿಟಿಯಲ್ಲಿ ಇರಬೇಕು ಅಂದಾಗ ಇಲ್ಲ ಅನ್ನಲು ನಾಲಿಗೆ ಏಳದೆ ಹೂಂ ಅಂದುಬಿಟ್ಟವಳು, ಹೂಂ ಅನ್ನುವ ಒಂದು ಅಕ್ಷರದಿಂದ ಈ ಹೆಂಗಸಿಗೆ ಬಂದಿರುವ ಫಜೀತಿಗಳನ್ನು ಬರೆದರೆ ಒಂದು ರಾಮಾಯಣ ಆದೀತು. ಗ್ರೇಡಿಯ ಕಡೆಯಿಂದ ಬಂದ ಕಾಗದಗಳಲ್ಲಿ ಈ ಪತ್ರವೂ ಇದೆ ಎಂದು ಅವಳಿಗೆ ಗೊತ್ತಾದದ್ದು ಈಗ, ಐದು ನಿಮಿಷದ ಕೆಳಗೆ.

ಆ ಪತ್ರ ಬರೆದದ್ದಾದರೂ ಹೇಗೆ, ದೇವರೇ, ಹೋದ ವರ್ಷ ರಾಜ್ಯೋತ್ಸವಕ್ಕೆ ಎರಡು ದಿನ ಇದೆ ಅನ್ನುವಾಗ ಮಿಲ್ಟನ್ನಿನಲ್ಲಿ ಬುಕ್ ಮಾಡಿದ್ದ ಸಭಾಂಗಣದ ಪೈಪು ಒಡೆದು ಮೊಣಕಾಲುದ್ದ ನೀರು, ಸಂಘದ ಅಧ್ಯಕ್ಷ ಶ್ರೀಕಾಂತ್ ಫೋನಿನಲ್ಲಿ ಅಳುವುದೊಂದು ಬಾಕಿ, ಮೇಡಂ ನಾನೂರು ಜನಕ್ಕೆ ಊಟ ಹೇಳಿದೀನಿ, ರೋಡಲ್ಲಿ ಬಡಿಸ್ಲಾ, ಆಗ ಅವಳು ನಾಚಿಕೆ ಬಿಟ್ಟು ಗ್ರೇಡಿಯ ಆಫೀಸಿಗೆ ಹೋಗಿ ನಿಂತದ್ದು, ಆ ಮನುಷ್ಯ ಯಾಕೆ ಏನು ಎಂದು ಕೇಳಲಿಲ್ಲ, ಕಾಲೇಜಿನ ಒಳಾಂಗಣ ಕ್ರೀಡಾಂಗಣವಾದ ಫೀಲ್ಡ್‌ಹೌಸಿನ ಬೀಗದ ಕೈ ಕೊಟ್ಟ, ಇಪ್ಪತ್ತು ಆಟಗಾರರನ್ನು ಕಳಿಸಿ ನಾನೂರು ಕುರ್ಚಿ ಹಾಕಿಸಿದ, ಅವರಲ್ಲೊಬ್ಬ ಜೆರೋಮ್, ಅವಳದೇ ಕ್ಲಾಸಿನ ಹುಡುಗ, ಒಂದು ಸಲಕ್ಕೆ ಎಂಟು ಕುರ್ಚಿ ಹೊತ್ತು, ಆಮೇಲೆ ಮೂರು ಸಲ ಬಿಸಿಬೇಳೆಭಾತ್ ಹಾಕಿಸಿಕೊಂಡು, ಪ್ರೊಫೆಸರ್ ಇದರಲ್ಲಿ ಏನೇನು ಹಾಕ್ತೀರಿ ಎಂದು ಬೆವರು ಒರೆಸಿಕೊಳ್ಳುತ್ತ ಕೇಳಿದವನು. ಇಂಥ ಕೋಚಿಗೆ ಒಂದು ಸನ್ಮಾನ ಮಾಡದೆ ಬಿಡುತ್ತೇವೆಯೇ ನಾವು, ಪೇಟ ಇತ್ತು, ಶಾಲು ಇತ್ತು, ಹಣ್ಣಿನ ಬುಟ್ಟಿ ಇತ್ತು, ಪತ್ರ ಒಂದು ಇರಲಿಲ್ಲ, ಹತ್ತು ನಿಮಿಷದಲ್ಲಿ ಕೊಡಿ ಮೇಡಂ ಲ್ಯಾಮಿನೇಟ್ ಮಾಡಿಸ್ಬೇಕು, ಅವಳು ಹಿಂದಿನ ವರ್ಷದ ಪತ್ರ ತೆಗೆದಳು, ಹಲ್ಲಿನ ಡಾಕ್ಟರ್ ಲಕ್ಷ್ಮೀನಾರಾಯಣ ಅವರಿಗೆ ಕೊಟ್ಟದ್ದು, ಹೆಸರು ಬದಲಾಯಿಸಿದಳು, ದಂತವೈದ್ಯ ಇದ್ದಲ್ಲಿ ಕ್ರೀಡಾಗುರು ಹಾಕಿದಳು, ರೋಗಿಗಳ ನೋವನ್ನು ತನ್ನ ನೋವೆಂದೇ ಬಗೆದ ಅಂತಿದ್ದದ್ದನ್ನು ಆಟಗಾರರ ನೋವನ್ನು ಅಂತ ಮಾಡಿದಳು, ಮುಗಿಯಿತು, ಪ್ರಿಂಟು. ಸನ್ಮಾನ ಪತ್ರದಲ್ಲಿ ಬರೆದದ್ದನ್ನು ನಮ್ಮಲ್ಲಿ ಯಾರು ಓದುತ್ತಾರೆ, ಓದಿದರೂ ಯಾರು ನಂಬುತ್ತಾರೆ, ಕಲ್ಪವೃಕ್ಷ ಕಾಮಧೇನು ಎಲ್ಲ ಎಲ್ಲರಿಗೂ ಇದ್ದದ್ದೇ, ಆದರೆ ಆ ಪೆದ್ದ ಮನುಷ್ಯ ಮಾರನೆಯ ವಾರ ಅದನ್ನು ಎದೆಗವಚಿಕೊಂಡು ಬಂದು, ಇದರಲ್ಲಿ ಏನಂತ ಬರೆದಿದೆ, ನನಗೆ ಇಂಗ್ಲಿಷಿನಲ್ಲಿ ಬೇಕು ಎಂದ, ಅವಳು ಬರೆದುಕೊಟ್ಟಳು, ಅವನು ನಿಂತಲ್ಲೇ ಓದಿದ, ಕಣ್ಣು ಕೆಂಪಾಯಿತು, ನನ್ನ ಬಗ್ಗೆ ಯಾರೂ ಹೀಗೆ ಹೇಳಿರಲಿಲ್ಲ ವೇಡಾ ಎಂದ, ಇಲ್ಲಿಯವರ ಬಾಯಲ್ಲಿ ವೇದವತಿ ವೇಡಾ ಆಗಿಬಿಟ್ಟಿದ್ದಾಳೆ. ಅವಳು ಪೆನ್ನು ತೆಗೆದು ಅದರ ಕೆಳಗೆ ಸಹಿ ಹಾಕಿಕೊಟ್ಟಳು.

ಹೆಲೆನ್ ಪತ್ರ ಮುಗಿಸಿ ಜೆರೋಮನ ತಾಯಿಯ ಕಾಗದ ತೆಗೆದಿದ್ದಾಳೆ, ಅದು ಕೈಬರಹ, ಗೆರೆ ಮೀರದ ಪುಟ್ಟ ಅಕ್ಷರ, ಥಾರ್ನ್‌ಹಿಲ್‌ನ ನಮ್ಮ ಮನೆಯಲ್ಲಿ ಮೂರು ವಾರದಿಂದ ಪರದೆ ಸರಿಸಿಲ್ಲ, ಬೆಳಕು ಬಿದ್ದರೆ ನನ್ನ ಮಗ ವಾಂತಿ ಮಾಡುತ್ತಾನೆ, ನಿನ್ನೆ ಚಮಚ ಕೈಯಲ್ಲಿ ಹಿಡಿದುಕೊಂಡು ಇದನ್ನು ಏನಂತಾರೆ ಅಮ್ಮ ಎಂದು ಕೇಳಿದ, ಮೊದಲನೇ ಏಟು ಬಿದ್ದ ಮೇಲೆ ಅವನನ್ನು ಮತ್ತೆ ಆಟಕ್ಕೆ ಇಳಿಸಿದ್ದು ಯಾಕೆ, ನನಗೆ ಅಷ್ಟು ಹೇಳಿ ಸಾಕು. ಅದಕ್ಕೆ ಗ್ರೇಡಿಯ ಉತ್ತರ, ಆಟಗಾರನ ನಡವಳಿಕೆಯಲ್ಲಿ ಗೊಂದಲದ ಯಾವ ಲಕ್ಷಣವೂ ನನಗೆ ಕಾಣಲಿಲ್ಲ, ವೀಡಿಯೋದಲ್ಲೂ ಏನೂ ಇಲ್ಲ, ಕ್ಯಾಮೆರಾ ಹೋಗುವುದು ಚೆಂಡಿನ ಹಿಂದೆ, ಬೆಂಚಿನ ಕಡೆಗೆ ಅಲ್ಲ — ಬೆಂಚು, ಅಗೋ ಮತ್ತೆ ಕಣ್ಣ ಮುಂದೆ ಬಂತು, ಜೆರೋಮನ ಮೂವತ್ತನಾಲ್ಕು ನಂಬರಿನ ಬೆನ್ನು, ನೆಟ್ಟಗೆ, ಯಾವ ಅವಸರವೂ ಇಲ್ಲದೆ ನಡೆದುಹೋಗುತ್ತಿದೆ. ಅವಳು ಅಲ್ಲಿದ್ದಳು, ಈ ಏಳು ಜನರಲ್ಲಿ ಅವಳೊಬ್ಬಳೇ ಅವತ್ತು ಅಲ್ಲಿದ್ದವಳು, ಗ್ರೇಡಿಯೇ ಕೊಟ್ಟ ಎರಡು ಟಿಕೆಟ್ಟು, ಶನಿವಾರ ಮಧ್ಯಾಹ್ನ, ಗಂಡ ಪುಟ್ಟಸ್ವಾಮಿ ಜಾಕೆಟ್ಟಿನ ಮೇಲೆ ಜಾಕೆಟ್ಟು ಹಾಕಿಕೊಂಡು ಚಕ್ಕುಲಿ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು, ಇದ್ಯಾವ್ ಸೀಮೆ ಫುಟ್‌ಬಾಲೇ, ಕಾಲ್ಗಿಂತ ಕೈಯಲ್ಲೇ ಜಾಸ್ತಿ ಆಡ್ತಾವ್ರೆ, ಟಗರು ಕಾಳಗ ಅಂತ ಹೆಸರಿಡ್ಬೇಕಿತ್ತು, ಅಷ್ಟರಲ್ಲಿ ಹುಡುಗರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು, ಎದ್ದರು, ಜೆರೋಮ್ ಕೊನೆಗೆ ಎದ್ದ, ಹೆಲ್ಮೆಟ್ಟು ತೆಗೆದ, ನಡೆದ, ಎರಡು ತಂಡದ ಬೆಂಚೂ ಒಂದೇ ಪಕ್ಕ, ತನ್ನವರ ಬೆಂಚು ದಾಟಿಕೊಂಡು ಹೋಗಿ ಎದುರು ತಂಡದ ಬೆಂಚಿನ ಮೇಲೆ, ತುದಿಯಲ್ಲಿ, ಸದ್ದಿಲ್ಲದೆ ಕೂತ, ಎರಡು ಕೈ ಮೊಣಕಾಲ ಮೇಲೆ ಇಟ್ಟುಕೊಂಡು. ಪುಟ್ಟಸ್ವಾಮಿ ಅವಳ ಪಕ್ಕೆ ತಿವಿದ, ನೋಡೇ ನೋಡೇ, ಗಂಡಿನ್ ಕಡೆಯೋನು ಹೋಗಿ ಹೆಣ್ಣಿನ್ ಕಡೆ ಪಂಕ್ತೀಲಿ ಕುಂತವ್ನೆ — ಅವಳಿಗೆ ನಗು ತಡೆಯಲಾಗಲಿಲ್ಲ, ಬಾಯಲ್ಲಿದ್ದ ಚಕ್ಕುಲಿ ಗಂಟಲಿಗೆ ಹೋಗಿ ಕೆಮ್ಮು ಹತ್ತಿತು, ಸುತ್ತ ಇದ್ದವರೆಲ್ಲ ನಗುತ್ತಿದ್ದರು, ಎದುರು ತಂಡದವರು ಅವನ ಬೆನ್ನು ತಟ್ಟಿ ನಗುತ್ತಿದ್ದರು, ಗ್ರೇಡಿ ತಾನೇ ಹೋಗಿ ಕೈ ಹಿಡಿದು ಎಬ್ಬಿಸಿ ಹೆಗಲ ಮೇಲೆ ಕೈ ಹಾಕಿಕೊಂಡು ಕರೆತಂದ, ಅವನೂ ನಗುತ್ತಿದ್ದ, ತಂಡದ ಫಿಸಿಯೋ ಆಗ ಇನ್ನೊಬ್ಬ ಹುಡುಗನ ಮುರಿದ ಕಣಕಾಲಿನ ಹತ್ತಿರ ಇದ್ದಳು. ಎರಡು ಸುತ್ತು ಆಟ ಕಳೆದ ಮೇಲೆ ಗ್ರೇಡಿ ಮೂವತ್ತನಾಲ್ಕನ್ನು ಒಳಗೆ ಕಳಿಸಿದ, ಆಮೇಲೆ ಜೆರೋಮ್ ಬಿದ್ದವನು ತಾನಾಗಿ ಏಳಲಿಲ್ಲ.

ಅಷ್ಟು ಜನ ನೋಡಿದ್ದಾರಲ್ಲ, ಒಬ್ಬರಾದರೂ ಬರೆದುಕೊಡಬಾರದೇ, ಎಲ್ಲಿಂದ ಬರೆಯುತ್ತಾರೆ, ನೋಡಿದವರಿಗೆಲ್ಲ ಅದು ತಮಾಷೆ, ತಮಾಷೆಯನ್ನು ಯಾರಾದರೂ ದೂರು ಅಂತ ಕೊಡುತ್ತಾರೆಯೇ. ಅವಳಿಗೇ ಅದು ತಮಾಷೆಯಲ್ಲ ಎಂದು ತಿಳಿದದ್ದು ಹೋದ ಸೋಮವಾರ, ಕಮಿಟಿಗೆ ಕಳಿಸಿದ ಹಾಳೆಗಳಲ್ಲಿ ತಲೆಗೆ ಪೆಟ್ಟು ಬಿದ್ದವರ ಲಕ್ಷಣಗಳು ಎಂದು ಒಂದು ಪಟ್ಟಿ ಇತ್ತು, ಮೂರನೆಯ ಸಾಲು, ತನ್ನ ತಂಡ ಯಾವುದೆಂದು ತಿಳಿಯದೆ ಬೇರೆ ಕಡೆಗೆ ಹೋಗುವುದು, ಓದಿದ ತಕ್ಷಣ ಹಾಳೆಯನ್ನು ತೆಗೆದುಕೊಂಡು ಹೋಗಿ ಪುಟ್ಟಸ್ವಾಮಿಯ ಮುಂದೆ ಇಟ್ಟಳು. ಅಂದಿನಿಂದ ಪುಟ್ಟಸ್ವಾಮಿ ಒಂದೇ ರಾಗ, ಇವತ್ತು ಬೆಳಿಗ್ಗೆ ಕಾಫಿ ಲೋಟ ಕೆಳಗಿಡದೆ, ನಿಂಗ್ಯಾಕ್ ಬೇಕಿತ್ತು ಈ ಉಸಾಬರಿ, ನಾನ್ ಯಾರ್ ಕಡೇನೂ ಇಲ್ಲ ಅಂತ ಹೇಳಿ ಎದ್ದು ಬಾ, ಅವನೇನ್ ಬೇಕಂತ ಮಾಡಿದ್ನಾ, ನಾವೂ ನಗ್ಲಿಲ್ವಾ, ಅಂದವನು ಆಮೇಲೆ ಕಿಟಕಿಯ ಕಡೆಗೆ ತಿರುಗಿಬಿಟ್ಟ, ಕಾಫಿ ಆರಿಹೋಯಿತು. ಶ್ರೀಕಾಂತ್ ಬೇರೆ, ಸಬ್‌ವೇ ರೈಲು ಇಳಿಯುವಷ್ಟರಲ್ಲಿ ಫೋನು, ಮೇಡಂ ಬರೋ ಶನಿವಾರ ಪ್ರೋಗ್ರಾಮು, ಫೀಲ್ಡ್‌ಹೌಸ್ ಕೀ ಅವರ ಹತ್ರಾನೇ ಇದೆ, ನಾನ್ ಏನೂ ಹೇಳ್ತಿಲ್ಲ, ಸ್ವಲ್ಪ ನೋಡ್ಕೊಂಡ್ ಮಾಡಿ ಅಷ್ಟೆ — ಏನೂ ಹೇಳದವನು ಹೇಳಿದ್ದು ಇಷ್ಟು. ಥೂ, ಯಾರನ್ನು ಬಯ್ಯುವುದು, ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಿದ್ದ ಅಮ್ಮ ಈಗ ಇದ್ದಿದ್ದರೆ ಏನನ್ನುತ್ತಿದ್ದಳೋ, ಯಾರು ಯಾರ ಮನೆಯಲ್ಲಿ ಉಂಡದ್ದು, ಗ್ರೇಡಿ ಜಾಗ ಕೊಟ್ಟ, ಜೆರೋಮ್ ಕುರ್ಚಿ ಹೊತ್ತ, ಉಂಡದ್ದು ನಾವೆಲ್ಲರೂ. ಮೇಜಿನ ಆ ತುದಿಯವರು ಇನ್ನೂ ಅದನ್ನೇ ಎಳೆಯುತ್ತಿದ್ದಾರೆ, ಮೂರು ವರ್ಷದಲ್ಲಿ ಗೆದ್ದದ್ದು ಎರಡೇ ಆಟ, ಇಂಥ ಕೋಚು ಯಾಕೆ ಬೇಕು, ಈ ತುದಿಯವರು, ಗೆಲ್ಲುವುದೊಂದೇ ಅಲ್ಲ, ಈ ಕಾಲೇಜಿಗೆ ಬಂದ ಹನ್ನೊಂದು ವರ್ಷದಲ್ಲಿ ಇವನ ಹುಡುಗರು ಒಬ್ಬೊಬ್ಬರೂ ಡಿಗ್ರಿ ಮುಗಿಸಿದ್ದಾರೆ, ಅದೂ ನಿಜ, ಪರೀಕ್ಷೆ ಬಂತೆಂದರೆ ಅವಳ ಆಫೀಸಿನ ಬಾಗಿಲಲ್ಲಿ ಬೇಸ್‌ಬಾಲ್ ಟೋಪಿ ಕೈಯಲ್ಲಿ ಹಿಡಿದು ನಿಲ್ಲುವವನು ಗ್ರೇಡಿಯೇ, ಜೆರೋಮ್ ಪಾಸ್ ಆಗ್ತಾನಾ ವೇಡಾ, ಎಲ್ಲಿ ತಪ್ಪುತ್ತಾನೆ ಹೇಳು, ನಾನು ಕೂರಿಸಿ ಓದಿಸ್ತೀನಿ. ಅಂಥವನು ಬೇಕೆಂದು ಮಾಡುತ್ತಾನೆಯೇ, ಇಲ್ಲ, ಅವನಿಗೆ ಹೊಳೆಯಲಿಲ್ಲ, ಇವಳಿಗೂ ಹೊಳೆಯಲಿಲ್ಲ, ಆದರೆ ಇವಳು ಚಕ್ಕುಲಿ ತಿನ್ನಲು ಹೋದವಳು, ಅವನು ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವನು, ಹೊಳೆಯಬೇಕಾದ್ದು ಅವನಿಗಲ್ಲವೇ, ಹೊಳೆಯಲಿಲ್ಲ ಅನ್ನುವುದು ಬೇರೆ, ಲಕ್ಷಣವೇ ಕಾಣಲಿಲ್ಲ ಎಂದು ಬರೆದುಕೊಡುವುದು ಬೇರೆ, ಅವನೇ ಕೈ ಹಿಡಿದು ಎಬ್ಬಿಸಿದನಲ್ಲ — ಅಥವಾ ಅವನಿಗದು ನೆನಪೇ ಇಲ್ಲವೋ, ತಮಾಷೆ ಎಂದುಕೊಂಡದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ, ಅಥವಾ ಇದೆ, ಇದ್ದು ಮುಚ್ಚಿಡುತ್ತಿದ್ದಾನೆ, ಹಾಗಾದರೆ ಸೋಮವಾರದಿಂದ ಇವಳು ಮಾಡುತ್ತಿರುವುದೇನು, ಅದೂ ಮುಚ್ಚಿಡುವುದೇ ತಾನೇ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ಐದು ದಿನ ಓಡಾಡಿದ್ದಾಳೆ, ಕ್ಲಾಸಿನಲ್ಲಿ ಮೂವತ್ತನಾಲ್ಕು ಎಂಬ ಉತ್ತರ ಬಂದರೆ ಬೋರ್ಡಿನ ಮುಂದೆ ತಡವರಿಸಿದ್ದಾಳೆ, ಎರಡನೆಯ ಸಾಲಿನಲ್ಲಿ ಜೆರೋಮನ ಕುರ್ಚಿ ಖಾಲಿ, ಯಾರೂ ಅದರಲ್ಲಿ ಕೂರುತ್ತಿಲ್ಲ, ಯಾರೂ ಕೂರಬೇಡಿ ಎಂದು ಅವಳೇನೂ ಹೇಳಿಲ್ಲ.

ವೇಡಾ. ಹೆಲೆನ್ ಎರಡನೆಯ ಸಲ ಕರೆಯುತ್ತಿದ್ದಾಳೆಂದು ಕಾಣುತ್ತದೆ, ಎಲ್ಲರೂ ಇವಳ ಕಡೆಗೆ ತಿರುಗಿ ಕೂತಿದ್ದಾರೆ, ಸಹಿ ಇನ್ನೂ ಗೋಡೆಯ ಮೇಲೆ ಹಾಗೇ ಇದೆ, ವೇಡಾ, ಇದು ನಿಮ್ಮ ಮಾತು, ಆಟಗಾರರ ನೋವನ್ನು ತನ್ನ ನೋವೆಂದೇ ಬಗೆದವರು, ಈ ಮಾತಿಗೆ ನೀವು ಇವತ್ತೂ ನಿಲ್ಲುತ್ತೀರಾ, ನಿಲ್ಲುತ್ತೀರಿ ಎಂದರೆ ನನ್ನ ಮಟ್ಟಿಗೆ ಅದು ದೊಡ್ಡದು. ಹೂಂ ಅನ್ನು, ಅಂದು ಮುಗಿಸು, ಒಂದು ಅಕ್ಷರ, ಶನಿವಾರ ಪ್ರೋಗ್ರಾಮು ನಡೆಯುತ್ತದೆ, ಗ್ರೇಡಿ ಉಳಿಯುತ್ತಾನೆ, ಬರುವ ವರ್ಷವೂ ಯಾವುದೋ ಹುಡುಗನ ಪಾಸು ನಪಾಸು ಕೇಳಿಕೊಂಡು ಟೋಪಿ ಹಿಡಿದು ಬಂದು ನಿಲ್ಲುತ್ತಾನೆ, ಬರುವ ವರ್ಷವೂ ಯಾವುದೋ ಹುಡುಗ ಎದ್ದು ಎಲ್ಲಿಗೋ ನಡೆಯುತ್ತಾನೆ, ಆಗ — ಅದು ಹಲ್ಲಿನ ಡಾಕ್ಟರಿಗೆ ಬರೆದದ್ದು, ಎಂದು ಯಾರೋ ಹೇಳಿದರು, ಹೇಳಿದವಳು ತಾನೇ. ಆ ತುದಿಯಲ್ಲಿ ಒಬ್ಬರು ಕಿಸಕ್ಕೆಂದರು. ಹೆಸರು ಬದಲಾಯಿಸಿ ಕೊಟ್ಟೆ, ನಮ್ಮಲ್ಲಿ ಹಾಗೆ ಮಾಡುತ್ತೇವೆ, ಅದನ್ನು ಪಕ್ಕಕ್ಕಿಡಿ, ನಾನು ಅವತ್ತು ಆಟಕ್ಕೆ ಹೋಗಿದ್ದೆ, ಅವನು ಹೋಗಿ ಎದುರು ತಂಡದ ಬೆಂಚಿನ ಮೇಲೆ ಕೂತ. ಯಾರು. ಜೆರೋಮ್. ಮೊದಲನೇ ಏಟು ಬಿದ್ದ ಮೇಲೋ. ಹೌದು, ಮೇಲೆ. ಹೆಲೆನಳ ಪೆನ್ನು ಕಾಗದಕ್ಕೆ ತಾಗಿ ನಿಂತಿದೆ, ಕೋಚ್ ಅದನ್ನು ನೋಡಿದರೇ, ನೋಡಿದರು, ಅವರೇ ಹೋಗಿ ಕೈ ಹಿಡಿದು ಕರೆದುಕೊಂಡು ಬಂದರು, ಆಮೇಲೆ ಒಳಗೆ ಕಳಿಸಿದರು, ಅಂದಳು, ಅನ್ನುತ್ತಿರುವಾಗಲೇ ಹನ್ನೊಂದು ವರ್ಷ ಮುಗಿದುಹೋಯಿತೆಂದು ಅವಳಿಗೆ ಗೊತ್ತಾಯಿತು, ಟೋಪಿ ಕೈಯಲ್ಲಿ ಹಿಡಿದು ನಿಂತ ಆ ಮನುಷ್ಯನಿಗಾಗಿ ದುಃಖ ಉಕ್ಕಿ ಬಂತು, ಆದರೂ ಮಾತು ನಿಲ್ಲಲಿಲ್ಲ, ಕರೆದುಕೊಂಡು ಬರುವಾಗ ಅವರು ನಗುತ್ತಿದ್ದರು. ನಗುತ್ತಿದ್ದರೇ, ಎಂದು ಹೆಲೆನ್ ಬರೆದುಕೊಂಡಳು, ಬರೆದು ತಲೆ ಎತ್ತಿದಳು, ದನಿಯಲ್ಲಿ ಯಾವ ಕೊಂಕೂ ಇಲ್ಲ, ಬರೀ ಮುಂದಿನ ಪ್ರಶ್ನೆ, ಆಗ ನೀವು ಏನು ಮಾಡಿದಿರಿ ವೇಡಾ.

ಏನು ಮಾಡಿದೆ, ನಾನು, ಕೆಮ್ಮುತ್ತಿದ್ದೆ, ಗಂಟಲಿಗೆ, ನಾನು — ಐದು ದಿನದಿಂದ ಆ ಬೆನ್ನನ್ನಷ್ಟೇ ಕಂಡು ಮುಖವನ್ನು ದೂರ ತಳ್ಳಿಕೊಂಡು ಬಂದಿದ್ದಳು, ಈಗ ಮುಖ ಬಂತು, ಅವಳು ನಗುತ್ತಿದ್ದಾಗ ಜೆರೋಮ್ ತಲೆ ಎತ್ತಿ ನಗು ಬರುತ್ತಿದ್ದ ಕಡೆಗೆ ನೋಡಿದ, ಅವಳನ್ನೇ ನೋಡಿದನೋ, ಅಲ್ಲವೋ, ಇಷ್ಟು ಜನ ನಗುತ್ತಿದ್ದಾರಲ್ಲ, ಏನೋ ಒಳ್ಳೆಯದೇ ಆಗಿರಬೇಕು ಎಂದುಕೊಂಡು, ಎದುರು ತಂಡದ ಬೆಂಚಿನ ತುದಿಯಲ್ಲಿ, ಎರಡು ಕೈ ಮೊಣಕಾಲ ಮೇಲೆ ಇಟ್ಟುಕೊಂಡು, ಅವನೂ ನಕ್ಕ