ಹಿಂದೆ ಬರ್ತಿದ್ದಾಳೆ

ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ ನಾನು. ಓಡಿ ಬರುವವರನ್ನು ಕನ್ನಡಿಯಲ್ಲಿ ಕಂಡರೂ ಗೇರ್ ಹಾಕಿ ಹೊರಟುಬಿಡುತ್ತಿದ್ದೆ. ಕಾಯುವುದೆಂದರೆ ಮೈಯೆಲ್ಲ ಉರಿ. ಅಂಥವನಿಗೆ ಗಂಟುಬಿದ್ದವಳು ಒಂದೊಂದು ಬೋರ್ಡಿನ ಮುಂದೆಯೂ ನಿಂತು ಓದುವ ಹೆಂಡತಿ.

ಕೆರೆಯಂಚಿನ ಈ ಸರ್ಕಾರಿ ಉದ್ಯಾನಕ್ಕೆ ಎಷ್ಟೋ ಸಲ ಬಂದಿದ್ದೇವೆ. ಹಿಂದೆ ಇಲ್ಲಿ ಕಾಗದದ ಕಾರ್ಖಾನೆಯಿತ್ತಂತೆ. ನೀರಿನ ಚಕ್ರ, ಕುಸಿದ ಗೋಡೆ, ಕಾಗದ ಒಣಗಿಸುವ ಕೊಠಡಿ, ಎಲ್ಲದರ ಮುಂದೆಯೂ ಚರಿತ್ರೆ ಬರೆದ ಬೋರ್ಡು ನೆಟ್ಟಿದ್ದಾರೆ. ನಾನೇನೋ ಅಕ್ಷರ ಬಾರದವನೆಂಬಂತೆ ಅವಳು ಅಷ್ಟನ್ನೂ ಗಟ್ಟಿಯಾಗಿ ಓದುವಳು. ನಾನು ಮುಂದೆ, ಅವಳು ಹಿಂದೆ. "ಕಾರ್ಖಾನೆ ಎಲ್ಲಿಗೂ ಓಡಿಹೋಗಲ್ಲ, ಬಾರೇ" ಎಂದರೆ, "ನೀವೂ ಓಡ್ಬೇಡಿ" ಎನ್ನುವಳು.

ಈ ಸಲ ಒಬ್ಬನೇ ಬಂದೆ. ಅವಳು ಹೋಗಿ ತಿಂಗಳಾಯಿತು. ಫೋನ್ ಮಾಡಿ ನೆಂಟರಿಗೆಲ್ಲ ತಿಳಿಸಿದವನು ಮಗ. ನನ್ನ ಬಾಯಿಂದ ಆ ಮಾತು ಇನ್ನೂ ಹೊರಟಿಲ್ಲ. ಹೊರಡಬಾರದೆಂಬುದೊಂದೇ ನನ್ನ ಹಟ. ಮನೆಯಲ್ಲಿದ್ದರೆ ಬಾಗಿಲು ತಟ್ಟಿದವರೆಲ್ಲ "ಅಮ್ಮ ಇಲ್ವಾ?" ಎನ್ನುತ್ತಾರೆ. ಇಲ್ಲಾದರೆ ಕೇಳುವವರಿಲ್ಲ ಎಂದುಕೊಂಡಿದ್ದೆ.

ಆಚೆ ದಡದಲ್ಲಿ ಕಾರ್ಖಾನೆಯ ಕೂಲಿಯವರಿದ್ದ ಸಾಲುಮನೆಗಳಿವೆ. ಅವಳ ನಿಧಾನಕ್ಕೆ ಒಮ್ಮೆಯೂ ಅಲ್ಲಿಗೆ ಮುಟ್ಟಿರಲಿಲ್ಲ. ನೋಡೋಣವೆಂದು ದೋಣಿ ಕಟ್ಟೆಗೆ ಇಳಿದೆ. ಪೆಡಲ್ ತುಳಿಯುವ ದೋಣಿ. ಒಬ್ಬರೇ ಕೂತರೆ ವಾಲುತ್ತದೆಂದು ಇಬ್ಬರಿದ್ದರಷ್ಟೇ ಬಿಡುತ್ತಾರಂತೆ.

"ಇನ್ನೊಬ್ರು ಎಲ್ಲಿ ಯಜಮಾನ್ರೇ?" ಎಂದ ದೋಣಿಯವನು.

"ಹಿಂದೆ ಬರ್ತಿದ್ದಾಳೆ."

ಎಷ್ಟೋ ವರ್ಷದ ಅಭ್ಯಾಸ, ಬಾಯಿ ತಾನಾಗಿಯೇ ಆಡಿಬಿಟ್ಟಿತು. ಆತ ಹಗ್ಗ ಹಿಡಿದು ನಿಂತ. ನಾನೂ ತಿರುಗಿ ದಾರಿ ನೋಡಿದೆ. ನಾಚಿಕೆಗೆಟ್ಟ ಕಣ್ಣು, ನಿಜಕ್ಕೂ ಹುಡುಕಿತು. ನನ್ನ ಹಿಂದೆ ಸರದಿಯಲ್ಲಿದ್ದ ಗಂಡಹೆಂಡಿರು, "ಬರ್ಲಿ ಬಿಡಿ, ನಮಗೇನು ಅವಸರ" ಎಂದರು. ಹಾಳಾದವರು, ಗೊಣಗಿದ್ದರೆ ಜಗಳವಾದರೂ ಆಡುತ್ತಿದ್ದೆ.

"ಒಂದು ಫೋನ್ ಮಾಡಿ ನೋಡಿ" ಎಂದ ದೋಣಿಯವನು.

"ಅವಳು ಬರಲ್ಲಪ್ಪ. ಹೋಗ್ಬಿಟ್ಳು."

"ಮುನಿಸ್ಕೊಂಡು ಹೋದ್ರಾ?" ಆತ ನಕ್ಕ. "ನೀವೇ ಏನೋ ಅಂದಿರ್ತೀರಿ. ಇನ್ನೂ ಗೇಟು ದಾಟಿರಲ್ಲ, ಹೋಗಿ ಕರ್ಕೊಂಡು ಬನ್ನಿ. ದೋಣಿ ಹಿಡ್ಕೊಂಡಿರ್ತೀನಿ."

ದೇವರಾಣೆ, ಗೇಟಿನ ಕಡೆಗೆ ಒಂದು ಹೆಜ್ಜೆ ಇಟ್ಟೇಬಿಟ್ಟೆ. ಆಮೇಲೆ ನಿಂತೆ. ಸಾವಿನ ದಿನ ಮನೆಗೆ ಬಂದವರೆಲ್ಲ "ಹೋದ್ರಂತೆ, ಹೋದ್ರಂತೆ" ಎಂದೇ ಅಂದಿದ್ದರು. ಹೋದವರು ಬರಬಹುದಲ್ಲ ಎಂದು ನಾನು ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

"ಸತ್ತೋದ್ಳು ಕಣಪ್ಪ" ಎಂದೆ.

ತಮ್ಮವರ ಬಗ್ಗೆ ಯಾರೂ ಹಾಗೆ ಅನ್ನುವುದಿಲ್ಲ. ಆತನ ನಗು ಇಳಿಯಿತು. ಹಿಂದಿದ್ದವರು ನನ್ನ ಮುಖ ನೋಡಲಾರದೆ ನೀರು ನೋಡುತ್ತಾ ನಿಂತರು. ನಾನು ಪಕ್ಕಕ್ಕೆ ಸರಿದು ಅವರಿಗೆ ಜಾಗ ಬಿಟ್ಟೆ.

"ನೀವು ಹತ್ತಿ" ಎಂದೆ. "ನಾನು ಯಾರಿಗೂ ಕಾಯ್ತಾ ಇಲ್ಲ."