ನಲವತ್ತನೇ ಗಾಡಿಯ ಮನೆ ನಂಬರು

ಹೆಣವನ್ನು ಗಾಡಿಗೆ ಏರಿಸಿ ಎಲ್ಲರೂ ಕೈ ಬಿಡುವಷ್ಟರಲ್ಲಿ, ಡ್ರೈವರನ ಸೀಟಿನ ಮುಂದಿದ್ದ ಪುಟ್ಟ ಪರದೆ ಟಿಣ್ ಟಿಣ್ ಎಂದು ಹೊಡೆದುಕೊಳ್ಳತೊಡಗಿತು. ಡ್ರೈವರ್ ಬಗ್ಗಿ ನೋಡಿದ. ಕನ್ನಡಕವನ್ನು ಹಣೆಗೇರಿಸಿ ಮತ್ತೊಮ್ಮೆ ನೋಡಿದ.

"ಏಣಿಯಿಂದ ಬಿದ್ದ ಕೇಸಂತೆ. ಮಾರ್ಕೆಟ್ ಹಿಂದೆ. ಕೂಡಲೇ ಹೊರಡಿ ಅಂತಿದೆ," ಎಂದ. "ಇರೋದೊಂದು ಹಾಸಿಗೆ. ಒಬ್ಬನ್ನ ಮಲಗಿಸ್ಕೊಂಡು ಇನ್ನೊಬ್ಬನ್ನ ಎಲ್ಲಿ ಮಲಗಿಸ್ಲಿ?"

ಬೀದಿಯಲ್ಲಿ ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಗಾಡಿಯ ಹಿಂದಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಟೈಲರಮ್ಮ ಇನ್ನೊಂದು ಕಾಲನ್ನು ಎತ್ತದೆ ಹಾಗೇ ನಿಂತಳು. ಒಳಗೆ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದವನು ಅವಳ ಗಂಡ. ಆಂಬುಲೆನ್ಸ್ ಡಿಪೋದಲ್ಲಿ ಗಾಡಿಗಳಿಗೆ ವೈರ್‌ಲೆಸ್ ಮೋಡೆಮ್ ಕೂರಿಸಿ, ಒಂದೊಂದಕ್ಕೂ ಒಂದೊಂದು ಅಡ್ರೆಸ್ ಹಾಕಿಕೊಡುವುದು ಅವನ ಕೆಲಸವಾಗಿತ್ತು. ಕಂಟ್ರೋಲ್ ರೂಮಿನಿಂದ ಹೊರಟ ಸುದ್ದಿ ಆ ಅಡ್ರೆಸ್ ಹಿಡಿದೇ ಗಾಡಿಯನ್ನು ಹುಡುಕಿಕೊಂಡು ಬರಬೇಕು. ಜೀವಮಾನದಲ್ಲಿ ಒಂದು ಕಾಗದವನ್ನೂ ಹಂಚದ ಆ ಮನುಷ್ಯನಿಗೆ ಡಿಪೋದವರು ಪೋಸ್ಟ್‌ಮ್ಯಾನ್ ಎಂದು ಹೆಸರಿಟ್ಟಿದ್ದರು. ಅವನು ಕೊನೆಯದಾಗಿ ಅಡ್ರೆಸ್ ಹಾಕಿದ್ದು ಈ ನಲವತ್ತನೇ ನಂಬರಿನ ಗಾಡಿಗೆ. ಅದರಲ್ಲೇ ಕಳಿಸಿಕೊಡೋಣ ಎಂದು ಡಿಪೋದವರೇ ತಂದು ಮನೆ ಮುಂದೆ ನಿಲ್ಲಿಸಿದ್ದರು.

ಡ್ರೈವರನ ಫೋನು ಬಡಿದುಕೊಂಡಿತು. ಕಂಟ್ರೋಲ್ ರೂಮಿನ ಹೆಂಗಸಿನ ದನಿ ಅರ್ಧ ಬೀದಿಗೆ ಕೇಳಿಸಿತು.

"ಅಣ್ಣಾ, ಅದು ನಿಮಗಲ್ಲ! ನಾನು ನಲವತ್ತೊಂದಕ್ಕೆ ಕಳಿಸಿದ್ದು. ಬೆಳಗ್ಗೆಯಿಂದ ಇದೇ ಗೋಳು. ನಕ್ಷೆ ಮೇಲೆ ನೀವು ಕಂಡ್ರೆ ಅವನು ಮಾಯ, ಅವನು ಕಂಡ್ರೆ ನೀವು ಮಾಯ. ಬಾಯಲ್ಲಿ ದಾರಿ ಹೇಳ್ತಿದ್ದೀನಿ, ಅವನು ಹೊಸಬ, ಗಲ್ಲಿ ಗಲ್ಲಿ ಸುತ್ತಾ ಇದ್ದಾನೆ. ಬಿದ್ದಿರೋನು ಅಲ್ಲಿ ನರಳ್ತಾ ಬಿದ್ದಿದ್ದಾನೆ. ಏನಾದ್ರೂ ಮಾಡಿ ನಿಮ್ಮದನ್ನ ಸುಮ್ಮನಿರಿಸಿ."

ಎಲ್ಲರ ಕಣ್ಣೂ ವೈರಿಂಗ್ ಕೆಲಸದವನ ಕಡೆ ತಿರುಗಿತು. ಮಾತು ಮಾತಿಗೆ ಸಿಡಿಯುವ ಅವನನ್ನು ಡಿಪೋದಲ್ಲಿ ಫ್ಯೂಸ್ ಎಂದೇ ಕರೆಯುತ್ತಿದ್ದರು. ಪೋಸ್ಟ್‌ಮ್ಯಾನ್ ಹಾಸಿಗೆ ಹಿಡಿದ ಮೇಲೆ ನಲವತ್ತೊಂದನೇ ಗಾಡಿಯ ಮೋಡೆಮ್ ಅವನ ತಲೆಗೆ ಬಂದಿತ್ತು.

"ನನ್ನ ಯಾಕೆ ನೋಡ್ತೀರಿ? ಪೋಸ್ಟ್‌ಮ್ಯಾನ್ ಅಣ್ಣ ಈ ಗಾಡಿಗೆ ಏನೇನು ಹಾಕಿದ್ರೋ ಹಾಗೇ ಎತ್ತಿ ಅದಕ್ಕೆ ಇಳಿಸಿದ್ದೀನಿ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ."

ಟೈಲರಮ್ಮನಿಗೆ ಆ ಮಾತಿನಲ್ಲೇ ತಪ್ಪು ಸಿಕ್ಕಿತು. ಒಂದಕ್ಷರವೂ ಕಮ್ಮಿಯಿಲ್ಲ ಎಂದರೆ ಗಾಡಿ ಗಾಡಿಗೂ ಬದಲಾಯಿಸಲೇಬೇಕಾದ ಅಡ್ರೆಸ್ಸಿನ ಕೊನೆಯ ಅಂಕಿಯೂ ಹಾಗೇ ಇಳಿದಿದೆ. ಅವಳು ಮೆಟ್ಟಿಲಿನಿಂದ ಕಾಲು ತೆಗೆದಳು. ಹೇಳಿದರೆ, ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಅದಕ್ಕೆ ಯಾರಿಗೂ ಯಾವತ್ತೂ ಉತ್ತರ ಕೊಡುವುದಿಲ್ಲ ಎಂದು ಒಳಗೆ ಮಲಗಿದ್ದವನಿಗೆ ಅವಳು ಮಾತು ಕೊಟ್ಟಿದ್ದಳು.

*

ಅವನ ಕಣ್ಣು ಕೈಕೊಡುತ್ತಿದೆ ಎಂಬುದನ್ನು ಅವಳಿಗೆ ಮೊದಲು ಹೇಳಿದ್ದು ಒಂದು ಸೂಜಿ. ಸಂಜೆ ಡಿಪೋದಿಂದ ಬಂದು, ಅವಳ ಹೊಲಿಗೆ ಮೇಜಿನ ಪಕ್ಕ ಕೂತು, ಊರಿನ ಸುದ್ದಿ ಹೇಳುತ್ತ ಸೂಜಿಗೆ ದಾರ ಪೋಣಿಸಿ ಕೊಡುವುದು ಅವನ ಅಭ್ಯಾಸ. ಒಂದು ದಿನ "ತಗೋ" ಎಂದು ಕೊಟ್ಟ ಸೂಜಿಯಲ್ಲಿ ದಾರವಿರಲಿಲ್ಲ. ದಾರ ಅವನ ಇನ್ನೊಂದು ಕೈಯಲ್ಲೇ ಇತ್ತು. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಅವಳು ನಕ್ಕಳು. ಅವನು ನಗಲಿಲ್ಲ.

ಕಣ್ಣಿನ ನಡುಭಾಗ ಹೋಗುತ್ತಿದೆ, ಅಂಚಷ್ಟೇ ಉಳಿಯುತ್ತದೆ, ಹೋಗಿದ್ದು ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಬೀದಿಯಲ್ಲಿ ಎಡವದೆ ನಡೆಯುತ್ತಿದ್ದ, ಎದುರಿಗೆ ಬಂದವರನ್ನು ದನಿಯಿಂದ ಗುರುತು ಹಿಡಿಯುತ್ತಿದ್ದ. ಲ್ಯಾಪ್‌ಟಾಪ್ ಕಾಣುತ್ತಿತ್ತು, ಅದರೊಳಗಿನ ಅಕ್ಷರ ಕಾಣುತ್ತಿರಲಿಲ್ಲ.

"ಡಿಪೋದಲ್ಲಿ ಹೇಳಿಬಿಡಿ," ಎಂದಿದ್ದಳು.

"ಹೇಳಿದ್ರೆ ಗೇಟಿನ ಹತ್ರ ಒಂದು ಸ್ಟೂಲ್ ಹಾಕಿ ಕೂರಿಸ್ತಾರೆ. ಹಳೇ ಮೆಕ್ಯಾನಿಕ್‌ನ ನೋಡಿದ್ದೀಯಲ್ಲ? ಕೈ ನಡುಗುತ್ತೆ ಅಂತ ಕೂರಿಸಿದ್ರು. ಬರೋರು ಹೋಗೋರೆಲ್ಲ 'ಆರಾಮಾ ಯಜಮಾನ್ರೇ' ಅಂತಾರೆ. ಆ ಮಾತು ಕೇಳೋದಕ್ಕಿಂತ ಮನೇಲೇ ಬಿದ್ದಿರೋದು ವಾಸಿ."

ಮಾರನೆಯ ಸಂಜೆ ಬಟ್ಟೆ ಚೀಲದಲ್ಲಿ ಒಂದು ಮೋಡೆಮ್ ತಂದ. ಮನೆಯಲ್ಲಿ ನಿಧಾನವಾಗಿ ಪರೀಕ್ಷೆ ಮಾಡಿ ತರುತ್ತೇನೆ ಎಂದು ಡಿಪೋದಲ್ಲಿ ಹೇಳಿ ಬಂದಿದ್ದ. ಅವಳು ಕತ್ತರಿಸಿಟ್ಟಿದ್ದ ತೋಳು ಕಾಲರುಗಳನ್ನು ಪಕ್ಕಕ್ಕೆ ಸರಿಸಿ ಮೇಜಿನ ಮೇಲಿಟ್ಟ. ತೂತುಗಳನ್ನೆಲ್ಲ ಬೆರಳಲ್ಲೇ ಸವರಿ, ಯಾವ ವೈರು ಎಲ್ಲಿಗೆ ಎಂದು ಸಿಕ್ಕಿಸಿದ. ಆಂಟೆನಾ ತಿರುಗಿಸಿ ಬಿಗಿದ. ಆಮೇಲೆ ಲ್ಯಾಪ್‌ಟಾಪನ್ನು ಅವಳ ಕಡೆ ತಳ್ಳಿದ.

"ಓದು."

"ನನಗೇನ್ರೀ ಗೊತ್ತಾಗುತ್ತೆ ಇದು?"

"ಅಳತೆ ಪಟ್ಟಿ ಓದ್ತೀಯಲ್ಲ, ಇದೂ ಅಷ್ಟೇ. ಒಂದು ಬೀದಿ ಅಂದ್ಕೋ. ಮೊದಲಿನ ಅಂಕಿಗಳೆಲ್ಲ ಬೀದಿ ಹೆಸರು, ಎಲ್ಲ ಗಾಡಿಗೂ ಒಂದೇ. ಕೊನೇ ಅಂಕಿ ಮನೆ ನಂಬರು. ಗಾಡಿ ಬೆನ್ನ ಮೇಲೆ ಯಾವ ನಂಬರು ಬರೆದಿದೆಯೋ ಅದನ್ನೇ ಹಾಕೋದು, ಅದು ನನ್ನ ಪದ್ಧತಿ. ಎರಡು ಮನೆಗೆ ಒಂದೇ ನಂಬರು ಬಿತ್ತು ಅಂದ್ಕೋ. ಕಾಗದ ಯಾರಿಗೆ ಹೋಗುತ್ತೆ ಹೇಳು?"

"ಯಾರು ಮೊದಲು ಬಾಗಿಲು ತೆಗೀತಾರೋ ಅವರಿಗೆ."

"ಭೇಷ್! ನಾನು ಕಲಿಯೋಕೆ ಒಂದು ವಾರ ಬೇಕಾಗಿತ್ತು."

"ಒಲೆ ಮೇಲೆ ಅನ್ನ ಇಟ್ಟು ಬಂದು ಕೂತಿದ್ದರೆ ನೀವೂ ಬೇಗ ಕಲೀತಿದ್ರಿ."

ಎಲ್ಲ ಮುಗಿದ ಮೇಲೆ ಮೋಡೆಮಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ದೀಪ ಕೆಂಪಗೆ ಮಿನುಗುತ್ತಿತ್ತು. ಅಡ್ರೆಸ್ ಸರಿಯಾಗಿ ಕೂತರೆ ಅದು ಹಸಿರಾಗಬೇಕು. ಅವನಿಗೆ ಕೆಂಪೂ ಇಲ್ಲ, ಹಸಿರೂ ಇಲ್ಲ. ಕತ್ತು ಮುಂದೆ ಚಾಚಿ "ಬಂತಾ?" ಎಂದು ಕೇಳುತ್ತಿದ್ದ. "ಹಸಿರು" ಎಂದು ಅವಳು ಹೇಳಿದ ಕೂಡಲೇ, ಬೆರಳ ಗೆಣ್ಣಿನಿಂದ ಡಬ್ಬಿಯ ಮೇಲೆ ಎರಡು ಸಲ ಟಕ್ ಟಕ್ ಎಂದು ತಟ್ಟುತ್ತಿದ್ದ, ಯಾರದೋ ಮನೆಯ ಬಾಗಿಲು ತಟ್ಟಿದ ಹಾಗೆ. ಬೆಳಗ್ಗೆ ಅದನ್ನೊಯ್ದು ಗಾಡಿಯಲ್ಲಿ ಕೂರಿಸುವುದಕ್ಕೆ ಅವನ ಕೈಗಳೇ ಸಾಕಾಗಿದ್ದವು. ಡಿಪೋದವರು ಆ ಚೀಲವನ್ನು "ಪೋಸ್ಟ್‌ಮ್ಯಾನ್ ಕಿರಿ ಹೆಂಡ್ತಿ" ಎಂದು ನಗುತ್ತಿದ್ದರಂತೆ.

"ಯಾರಿಗೂ ಹೇಳ್ಬೇಡ," ಎಂದಿದ್ದ. "ನಾನು ಸತ್ತ ಮೇಲೂ."

"ಸತ್ತ ಮೇಲೆ ನಿಮಗೇನು ಗೊತ್ತಾಗುತ್ತೆ?"

"ನಿನಗೆ ಗೊತ್ತಾಗುತ್ತಲ್ಲ."

*

ಫ್ಯೂಸ್ ತನ್ನ ಲ್ಯಾಪ್‌ಟಾಪನ್ನು ಗಾಡಿಯ ಮೂತಿಯ ಮೇಲಿಟ್ಟುಕೊಂಡು, ವೈರಿಲ್ಲದೆಯೇ ಅದರ ಮೋಡೆಮಿಗೆ ಜೋಡಿಸಿ, ಬೆವರು ಒರೆಸಿಕೊಳ್ಳುತ್ತಿದ್ದ.

"ವೈರು ಕಿತ್ತು ಬಿಸಾಕಯ್ಯ," ಎಂದರು ಪೋಸ್ಟ್‌ಮ್ಯಾನ್‌ನ ಅಣ್ಣ. ಬೆಳಗ್ಗೆಯಿಂದ ಎಲ್ಲವನ್ನೂ ಹೊತ್ತು ಹೊತ್ತಿಗೆ ಸರಿಯಾಗಿ ನಡೆಸಿಕೊಂಡು ಬಂದವರು ಅವರು.

"ಕಿತ್ತಾಕ್ಬೋದು ಯಜಮಾನ್ರೇ. ಡಬ್ಬಿ ಇರೋದು ಸ್ಟ್ರೆಚರ್ ಕೆಳಗೆ, ಸ್ಕ್ರೂ ಬಿಚ್ಚೋಕೆ ಜಾಗ ಇಲ್ಲ. ಮಲಗಿರೋ ಅಣ್ಣನ್ನ ಇಳಿಸ್ಬೇಕಾಗುತ್ತೆ."

"ಏರಿಸಿದ ಮೇಲೆ ಇಳಿಸೋದಾ? ಬಾಯಿಗೆ ಬಂದ ಹಾಗೆ ಮಾತಾಡ್ಬೇಡ. ಇಂಜಿನ್ ಬಂದ್ ಮಾಡಿ ಹಾಗಾದ್ರೆ."

"ಅದಕ್ಕೆ ಬೇರೆ ಬ್ಯಾಟರಿ ಇದೆ. ಇಂಜಿನ್ ನಿಂತರೂ ಗಾಡಿ ಕಳೆದುಹೋಗ್ಬಾರದು ಅಂತ ಅಣ್ಣನೇ ಮಾಡಿದ್ದು," ಎಂದ ಫ್ಯೂಸ್. ದನಿ ಸಣ್ಣಗಾಯಿತು. "ಅವರಿದ್ದಿದ್ರೆ ಕಣ್ಣು ಮುಚ್ಕೊಂಡು ಸರಿ ಮಾಡ್ತಿದ್ರು."

"ಅದಂತೂ ನಿಜ," ಎಂದರು ಒಬ್ಬಿಬ್ಬರು. ಡ್ರೈವರ್ ಮಾತ್ರ ಮುಖ ತಿರುಗಿಸಿ ಗಾಡಿಯ ಕನ್ನಡಿ ಒರೆಸತೊಡಗಿದ.

ಟೈಲರಮ್ಮ ಸೆರಗು ಸರಿಮಾಡಿಕೊಂಡು ಫ್ಯೂಸಿನ ಹತ್ತಿರ ಹೋದಳು. ಗಂಡನ ಬೆನ್ನ ಹಿಂದೆ ಅಡಗಿ ನಿಂತೇ ಹೇಳಿ ನೋಡೋಣ ಎನಿಸಿತು. "ಅವರು ಯಾವಾಗಲೂ ಅನ್ನೋರು ಕಣಪ್ಪ, ಎರಡು ಗಾಡಿಗೆ ಒಂದೇ ಮನೆ ನಂಬರು ಬೀಳ್ಬಾರದು ಅಂತ. ಒಂದ್ಸಲ ನೋಡು."

"ಅದೊಂದನ್ನ ಬದಲಾಯಿಸಿದ್ದೀನಿ ಅತ್ತಿಗೆ. ನಲವತ್ತೊಂದು ಅಂತ ಹೆಸರು ನಾನೇ ಹೊಡೆದಿದ್ದೀನಿ."

ಹೆಸರು! ಅವನು ಮನೆ ಮುಂದಿನ ಬೋರ್ಡಷ್ಟೇ ಬದಲಾಯಿಸಿದ್ದ, ಮನೆ ನಂಬರನ್ನಲ್ಲ. ಅಂಕಿ ಇರುವುದು ಅದರ ಹಿಂದಿನ ಪುಟದಲ್ಲಿ. ಅವಳು ಇನ್ನೇನೋ ಹೇಳುವಷ್ಟರಲ್ಲಿ ಫೋನು ಮತ್ತೆ ಬಂತು.

"ಅಣ್ಣಾ, ಅವನು ಸೇತುವೆ ದಾಟಿಬಿಟ್ಟ! ಉಲ್ಟಾ ದಿಕ್ಕಿಗೆ ಹೋಗ್ತಿದ್ದಾನೆ. ಬಿದ್ದವನ ಮಗಳು ಇನ್ನೊಂದು ಲೈನಲ್ಲಿ ಅಳ್ತಾ ಇದ್ದಾಳೆ."

ಟೈಲರಮ್ಮ ಗಾಡಿಯ ಒಳಕ್ಕೊಮ್ಮೆ ನೋಡಿದಳು. ಬಿಳಿ ಹೊದಿಕೆ ಅಲುಗಲಿಲ್ಲ. ಬೈಯುವುದಿದ್ದರೆ ಆಮೇಲೆ ಬೈದುಕೊಳ್ಳಿ ಎಂದುಕೊಂಡಳು.

"ಸರಿ ಸ್ವಲ್ಪ," ಎಂದಳು ಫ್ಯೂಸಿಗೆ.

"ತಡೀರಿ ಅತ್ತಿಗೆ, ಅದು ಮತ್ತೆ ಪಾಸ್‌ವರ್ಡ್ ಕೇಳ್ತಿದೆ, ನನ್ನ ಫೋನಲ್ಲಿ..." ಅವನು ಜೇಬಿಗೆ ಕೈ ಹಾಕಿ ಫೋನು ತೆಗೆಯುವಷ್ಟರಲ್ಲಿ ಅವಳು ಅದನ್ನು ಹೊಡೆದಾಗಿತ್ತು. ಹೆಸರಿನ ಪುಟ ದಾಟಿ ಒಳಗೆ ಹೋದಳು. ನಲವತ್ತು ಅಲ್ಲೇ ಕೂತಿತ್ತು. ಅವಳೇ ಹೊಡೆದ ನಲವತ್ತು.

"ನಲವತ್ತೊಂದಕ್ಕೆ ಅಂತ ಕಂಟ್ರೋಲ್ ರೂಮಿಗೂ ಈ ಅಂಕೀನೇ ಬರೆಸಿದ್ದೀಯಾ?"

"ಹೂಂ. ಹೆಸರು ಬೇರೆ ಆದ್ರೆ ಸಾಕು ಅಂದ್ಕೊಂಡೆ. ಅಣ್ಣ ಹಾಕಿದ ಅಂಕಿ. ಅದನ್ನ ಅಳಿಸೋಕೆ ಕೈ ಬರಲಿಲ್ಲ ಅತ್ತಿಗೆ."

ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. "ಹಾಗಾದ್ರೆ ಆ ಗಾಡಿ ನಮ್ಮ ಮನೇಲಿ ಬಂದು ಕೂತಿದೆ. ಪಾಪ, ಅವಸರದಲ್ಲಿದೆ, ಎಬ್ಬಿಸೋದು ಬೇಡ. ಅದಕ್ಕೆ ಅಂತ ಇದ್ದ ಮನೆ ಖಾಲಿ ಇದೆಯಲ್ಲ, ನಾವೇ ಅಲ್ಲಿಗೆ ಹೋಗೋಣ." ನಲವತ್ತನ್ನು ಅಳಿಸಿ ನಲವತ್ತೊಂದು ಎಂದು ಹೊಡೆಯುವಾಗ ಬೆರಳು ಒಂದು ಗಳಿಗೆ ತಡೆಯಿತು. ಗಾಡಿಯ ಬೆನ್ನ ಮೇಲಿನದು ಒಂದು, ಅಡ್ರೆಸ್ಸಿನಲ್ಲಿರುವುದು ಇನ್ನೊಂದು. ಇಂಥ ಅಡ್ಡಾದಿಡ್ಡಿಯನ್ನು ಅವನು ಯಾವತ್ತೂ ಒಪ್ಪಿದವನಲ್ಲ. ಅವಳು ಹೊಡೆದಳು. ಡ್ರೈವರನ ಕೈಯಿಂದ ಫೋನು ತೆಗೆದುಕೊಂಡಳು.

"ನೋಡಮ್ಮ, ನಲವತ್ತನೇ ಗಾಡಿಗೆ ಕೊನೇ ಅಂಕಿ ಈಗ ನಲವತ್ತೊಂದು. ಹಾಗಂತ ತಿದ್ಕೋ. ನಲವತ್ತೊಂದನೇ ಗಾಡಿದು ಈಗೇನಿದೆಯೋ ಹಾಗೇ ಇರಲಿ. ಈಗ ಕಳಿಸಿ ನೋಡು."

ಆ ಕಡೆ ಕೀಲಿಗಳ ಸದ್ದು. ಆಮೇಲೆ, "ಅಯ್ಯೋ, ಇಬ್ಬರೂ ಕಾಣ್ತಿದ್ದೀರಿ! ಹೋಯ್ತು, ಅವನಿಗೆ ನಕ್ಷೆ ಹೋಯ್ತು... ತಿರುಗಿಸಿದ, ಸೇತುವೆ ಕಡೆ ತಿರುಗಿಸಿದ." ಉಸಿರು ಬಿಟ್ಟ ಸದ್ದು ಕೇಳಿಸಿತು. "ಯಾರಿದು ಮಾತಾಡ್ತಿರೋದು?"

ಟೈಲರಮ್ಮ ಲ್ಯಾಪ್‌ಟಾಪಿನಿಂದ ಕೈ ತೆಗೆದಳು.

"ಪೋಸ್ಟ್‌ಮ್ಯಾನ್ ಮನೆಯವರು," ಎಂದಳು.

ಫ್ಯೂಸ್ ಅವಳ ಬೆರಳುಗಳನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಏನೋ ಒಂದಕ್ಕೊಂದು ಸೇರಿಕೊಳ್ಳುತ್ತಿರುವುದು ಅವಳಿಗೆ ಕಾಣಿಸಿತು. ಸಂಜೆಯ ಬಟ್ಟೆ ಚೀಲ. ದನಿ ಕೇಳುವವರೆಗೂ ಯಾರನ್ನೂ ಗುರುತು ಹಿಡಿಯದ ಪೋಸ್ಟ್‌ಮ್ಯಾನ್ ಅಣ್ಣ.

"ಅತ್ತಿಗೆ... ಅಂದ್ರೆ ಅಣ್ಣ ಇದನ್ನೆಲ್ಲ..."

"ಫ್ಯೂಸೂ," ಎಂದ ಡ್ರೈವರ್, "ಅದನ್ನ ಮುಚ್ಚಿ ಚೀಲಕ್ಕೆ ಹಾಕು. ಹೊತ್ತಾಯ್ತು."

"ಅಲ್ಲ, ನಾನು ಕೇಳ್ತಿರೋದು..."

"ಕೇಳೋದೇನಿಲ್ಲ. ಹತ್ತು."

ಪೋಸ್ಟ್‌ಮ್ಯಾನ್‌ನ ಅಣ್ಣನಿಗೆ ಅದ್ಯಾವುದೂ ತಲೆಗೆ ಹೋಗಿರಲಿಲ್ಲ. "ಇದನ್ನೂ ಕಲಿಸಿದ್ನೇನಮ್ಮ ನಿನಗೆ?" ಎಂದರು.

"ಹೂಂ ಭಾವ. ಸಂಜೆ ಹೊತ್ತು ಹೋಗ್ಬೇಕಲ್ಲ, ಅದಕ್ಕೆ."

ಅವರು ತಲೆಯಾಡಿಸಿ ಹಿಂದಿನ ಕಾರಿನ ಕಡೆ ನಡೆದರು. ಡ್ರೈವರ್ ಟೈಲರಮ್ಮನ ಜೊತೆ ಗಾಡಿಯ ಹಿಂಬದಿಯವರೆಗೂ ಬಂದ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ, ಅವಳ ಕಡೆ ನೋಡದೆ ಹೇಳಿದ.

"ನನ್ನ ಗಾಡೀಲಿ ಅವನು ಕೆಲಸ ಮಾಡೋವಾಗ ಚಹಾ ನಾನೇ ತಂದ್ಕೊಡ್ತಿದ್ದೆ. ಬೇರೆಯವರಿಗಾದ್ರೆ ಪಕ್ಕದಲ್ಲಿ ಇಟ್ಟು ಹೋಗ್ತಿದ್ದೆ. ಅವನಿಗೆ ಲೋಟ ಕೈಗೇ ಕೊಡ್ತಿದ್ದೆ, ತಾಯಿ. ಯಾವಾಗಲೂ ಕೈಗೇ."

ಅವಳು ಅವನಿಗೆ ಕೈ ಮುಗಿದಳು. ಅವನು ಕನ್ನಡಕ ಹಾಕಿಕೊಂಡು ಮುಂದೆ ಹೋದ.

ಟೈಲರಮ್ಮ ಮೆಟ್ಟಿಲು ಹತ್ತಿ ಒಳಗೆ ಕೂತು ಬಾಗಿಲು ಎಳೆದುಕೊಂಡಳು. ಹೊರಗಿನ ಸದ್ದೆಲ್ಲ ದೂರವಾಯಿತು. ಸ್ಟ್ರೆಚರಿನ ಕೆಳಗೆ, ಅವನೇ ಸ್ಕ್ರೂ ಬಿಗಿದು ಕೂರಿಸಿದ್ದ ಕಬ್ಬಿಣದ ಡಬ್ಬಿಯ ಸಂದಿಯಿಂದ ಸಾಸಿವೆಯಷ್ಟು ಬೆಳಕು ಹೊದಿಕೆಯ ಅಂಚಿಗೆ ಬಿದ್ದಿತ್ತು. ಅವಳು ಬಗ್ಗಿ ನೋಡಿದಳು. ಮತ್ತೆ ಎದ್ದು, ಹೊಲಿಗೆ ಮೇಜಿನಾಚೆ ಕೂತವನಿಗೆ ಹೇಳುವಷ್ಟೇ ದನಿಯಲ್ಲಿ ಹೇಳಿದಳು.

"ಹಸಿರು."

ಹೇಳಿ, ಅಭ್ಯಾಸಬಲದಿಂದ ಕಾದಳು. ಏನೂ ಕೇಳಿಸಲಿಲ್ಲ. ಅವಳು ಮತ್ತೆ ಬಗ್ಗಿ, ಕೈ ಮಡಿಸಿ, ಬೆರಳ ಗೆಣ್ಣಿನಿಂದ ಡಬ್ಬಿಯ ಮೇಲೆ ಎರಡು ಸಲ ತಟ್ಟಿದಳು.

ಅದನ್ನೇ ಹೊರಡುವ ಸೂಚನೆ ಎಂದುಕೊಂಡು ಡ್ರೈವರ್ ಗೇರು ಹಾಕಿದ.