ನೀಲಾಬಾಯಿಯ ಪಾಳಿ

“ತಲಿ ಹಿಡೀರಿ, ತಲಿ! ಒಂದ್ ಕಡಿ ವಾಲಾಕತ್ತದ,” ಎಂದು ಸಾತಲಿಂಗಪ್ಪ ಕೂಗಿದ.

ಶೀತಲ ಓಡಿ ಬಂದು ಅತ್ತೆ ನೀಲಾಬಾಯಿಯ ಗದ್ದದ ಕೆಳಗೆ ಕೈ ಕೊಟ್ಟಳು. ಗದ್ದ ಆಗಲೇ ತಣ್ಣಗಾಗಿತ್ತು. ನೀಲಾಬಾಯಿಯ ಮೈದುನನಾದ ಸಾತಲಿಂಗಪ್ಪ ಪಡಸಾಲೆಯ ಕಂಬಕ್ಕೆ ಬಿಳಿ ಪಂಚೆ ಸುತ್ತಿ, ಅತ್ತಿಗೆಯ ಎದೆಗೆ ಬಳಸಿ ಗಂಟು ಹಾಕಿದ. ಲಿಂಗವಂತರ ಮನೆಯಲ್ಲಿ ಸತ್ತವರನ್ನು ಮಲಗಿಸಿಡುವುದಿಲ್ಲ, ಕೂರಿಸುತ್ತಾರೆ. ಬೆಳಿಗ್ಗೆ ಚಹಾ ಕುಡಿದು ಬಸಿ ಕೆಳಗಿಟ್ಟು, “ಎದಿ ಹಿಡದಂಗ ಆಗ್ತದ” ಎಂದು ಗೋಡೆಗೆ ಒರಗಿದ ಹೆಂಗಸು ಹತ್ತು ಗಂಟೆಗೆ ಹಣೆ ತುಂಬ ವಿಭೂತಿ ಬಳಿದುಕೊಂಡು, ಅಂಗೈಯಲ್ಲಿ ಲಿಂಗ ಹಿಡಿದು, ಮನೆಗೆ ಬಂದವರನ್ನೆಲ್ಲ ಮಾತಾಡಿಸಲಿಕ್ಕೆ ಕುಳಿತವಳ ಹಾಗೆ ಕುಳಿತಿದ್ದಳು.

“ಯವ್ವಾ ನೀಲಕ್ಕಾ, ನಿನ್ನಿ ಸಂಜೀಕ ನನ್ನ ಕಡಿಂದ ಹುಣಸಿಹಣ್ಣ ಇಸ್ಕೊಂಡು ಹೋಗಿದ್ದ್ಯಲ್ಲ ಬೇ! ಸಾರರ ಮಾಡಿದ್ಯೋ ಇಲ್ಲೋ!” ಎಂದು ನೆರೆಮನೆಯ ಸುಗಲಾಬಾಯಿ ಎದೆ ಬಡಿದುಕೊಂಡು ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಶೀತಲಳ ಕಡೆ ತಿರುಗಿದಳು. “ಕೂಸ ಎಲ್ಲದ? ನಮ್ಮ ಮನಿಗಿ ಕಳಸು. ಹೆಣ ನೋಡಿ ಅಂಜಿದ್ರ ಇದ್ದ ನಾಲ್ಕ ಮಾತೂ ಹೋದಾವು.”

ಇದ್ದ ನಾಲ್ಕು ಮಾತು! ಬೆಳಗಿನಿಂದ ಶೀತಲಳನ್ನು ಕೊರೆಯುತ್ತಿದ್ದುದೂ ಅದೇ. ಮಗಳು ಈಶ್ವರಿಗೆ ನಾಲ್ಕು ತುಂಬಲು ಎರಡು ತಿಂಗಳಿತ್ತು. ಬರುತ್ತಿದ್ದ ಶಬ್ದ ಹದಿನಾರು. ಹದಿನಾರೂ ಬಿಡಿಬಿಡಿ, ಹದಿನಾರೂ ಅಜ್ಜಿಯ ಜೊತೆ ಆಟವಾಡುತ್ತ ಬಂದವು, ಬಹುಪಾಲು ಅಜ್ಜಿಯ ಮುಂದೆ ಮಾತ್ರ ಹೊರಬೀಳುತ್ತಿದ್ದವು. ಎರಡು ಶಬ್ದ ತಾನಾಗಿ ಕೂಡಿಸಿದಳೆಂದರೆ ಮುಂದಿನ ದಾರಿ ತೆರೆದಂತೆ ಎಂದು ಮಕ್ಕಳಿಗೆ ಮಾತು ಕಲಿಸುವ ಸೊಲ್ಲಾಪುರದ ನಂದಾ ಮ್ಯಾಡಮ್ ಹೇಳಿದ್ದಳು. ಆ ಎರಡನೆಯ ಶಬ್ದಕ್ಕಾಗಿ ಶೀತಲ ಬಾಯಾರಿದವಳ ಹಾಗೆ ಕಾಯುತ್ತಿದ್ದಳು. ಇನ್ನು ಅದನ್ನು ಯಾರು ತೆಗೆಸಬೇಕು?

“ಇರ್ಲಿ ಬಿಡ್ರಿ ಕಾಕು, ಮನ್ಯಾಗ ಇರ್ಲಿ,” ಎಂದಳು. ಈಶ್ವರಿ ಒಳಮನೆಯ ಮಂಚದ ಕೆಳಗೆ ಹೊಕ್ಕು ಕುಳಿತಿದ್ದಳು. ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ.

*

ತಪ್ಪು ಶೀತಲಳದೇ. ಮಗುವಿಗೆ ಎರಡು ದಾಟಿದರೂ ಮಾತು ಬರದಿದ್ದಾಗ, ಅಕ್ಕಲಕೋಟದ ಬಾಲವಾಡಿಯ ಟೀಚರ್ ಬಾಯಿಯೊಬ್ಬಳು, “ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಮಗುವಿನ ತಲೆ ಕಲಸಿ ಹೋಗಿದೆ, ಒಂದೇ ಭಾಷೆ ಇಟ್ಟುಕೊಳ್ಳಿ” ಎಂದಿದ್ದಳು. ಶೀತಲ ಸೊಲ್ಲಾಪುರದಲ್ಲಿ ಮರಾಠಿ ಸಾಲೆ ಕಲಿತವಳು. ಮುಂದೆ ಮಗುವಿನ ಸಾಲೆಯೂ ಮರಾಠಿಯೇ ತಾನೆ? ಗಂಡ ಗುರುನಾಥ ಹೂಂ ಅಂದ. ಉಳಿದವಳು ಅತ್ತೆ. ಹುಟ್ಟಿದ್ದು ಹೋಟಗಿ, ಬಾಳಿದ್ದು ಇದೇ ಕುರನೂರ. ಅರವತ್ತೇಳು ವರ್ಷ ಮಹಾರಾಷ್ಟ್ರದಲ್ಲಿದ್ದೂ ಅವಳಿಗೆ ಬರುತ್ತಿದ್ದ ಮರಾಠಿ ಎರಡೇ: ಸಂತೆಯಲ್ಲಿ ಎಷ್ಟು ಎನ್ನಲು ‘ಕಿತಿ’, ಬಸ್ಸಿನಲ್ಲಿ ಸರೀರಿ ಎನ್ನಲು ‘ಸರಕಾ’.

“ಅತ್ತಿ, ಇನ್ನ ನೀವು ಕೂಸಿನ ಕೂಡ ಕನ್ನಡ ಮಾತಾಡಬ್ಯಾಡ್ರಿ.”

ನೀಲಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ಅಳೂವಾಗರ ಮಾತಾಡ್ಲಿ?”

“ಬ್ಯಾಡ್ರಿ.”

“ಆತವಾ.”

ಜಗಳ ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಹೆಂಗಸು ಎಂಟು ತಿಂಗಳು ಮೊಮ್ಮಗಳ ಎದುರು ಬಾಯಿಗೆ ಬೀಗ ಹಾಕಿಕೊಂಡು ಬದುಕಿದಳು! ಉಣ್ಣಿಸಿದಳು, ಎರೆದಳು, ತಲೆ ಬಾಚಿದಳು, ಒಂದಕ್ಷರ ಇಲ್ಲ. ಮಾತೆಲ್ಲ ಹಟ್ಟಿಯಲ್ಲಿ ಎಮ್ಮೆಯ ಮುಂದೆ. “ಇವತ್ತ ಬಿಸಲ ಭಾಳ ಅದ, ಅಲ್ಲೇನ್ ನಮ್ಮವ್ವ? ಹಿಂಡಿ ಸೇರ್ತದಿಲ್ಲೋ?” ಎಂದು ಮೈ ತಿಕ್ಕುತ್ತ ಕೇಳುತ್ತಿದ್ದಳು. ಮಗು ಹಟ್ಟಿಯ ಹೊಸ್ತಿಲಲ್ಲಿ ನಿಂತು ಅದನ್ನೇ ಆಲಿಸುತ್ತಿತ್ತು. ಶೀತಲ ಅದನ್ನು ಕಂಡಿದ್ದಳು, ಕಂಡೂ ಮಗುವನ್ನು ಎತ್ತಿಕೊಂಡು ಬಂದಿದ್ದಳು.

ಮಗುವಿಗೆ ಮರಾಠಿಯೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಕೊನೆಗೆ ಯಾರೋ ನಂದಾ ಮ್ಯಾಡಮ್ಮಳ ಹೆಸರು ಹೇಳಿದರು. ಸೊಲ್ಲಾಪುರದಲ್ಲಿ ಒಂದೇ ಖೋಲಿ. ನೆಲಕ್ಕೆ ಚಾಪೆ, ಅದರ ಮೇಲೆ ಚೆಂಡು, ಡಬ್ಬಿ, ಬೊಂಬೆ. ದವಾಖಾನೆಯ ಕುರ್ಚಿ ಮೇಜು ಹುಡುಕುತ್ತ ಹೋದ ಶೀತಲ ತಬ್ಬಿಬ್ಬಾದಳು. ಕಿವಿ ಪರೀಕ್ಷೆ ಮೊದಲೇ ಆಗಿತ್ತು, ಕಿವಿ ನೆಟ್ಟಗಿದ್ದವು. ನಂದಾ ಕೇಳುತ್ತ, ಬರೆದುಕೊಳ್ಳುತ್ತ ಹೋದಳು.

“ದಿನಾ ಕೂಸಿನ ಕೂಡ ಭಾಳ ಹೊತ್ತ ಇರೂದು ಯಾರು?”

“ನಮ್ಮತ್ತಿ.”

“ಏನ್ ಮಾತಾಡ್ತಾರ?”

“ಏನೂ ಮಾತಾಡಂಗಿಲ್ರಿ. ನಾನೇ ಬ್ಯಾಡ ಅಂದೀನಿ.”

ನಂದಾಳ ಪೆನ್ನು ನಿಂತಿತು. ಬೈಯಲಿಲ್ಲ. “ಎರಡ ಭಾಷಾದಿಂದ ಯಾವ ಕೂಸೂ ಮೂಕ ಆಗಂಗಿಲ್ರಿ, ತಾಯಿ. ಮುಂದಿನ ಗುರುವಾರ ಅಜ್ಜೀನ್ನ ಕರಕೊಂಡು ಬರ್ರಿ,” ಎಂದಳು.

ಗುರುವಾರವೆಂದರೆ ಅಕ್ಕಲಕೋಟದ ಎಸ್‌ಟಿ ಬಸ್ಸಿನಲ್ಲಿ ಮಠದ ಭಕ್ತರ ನೂಕುನುಗ್ಗಲು. ನೀಲಾಬಾಯಿ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಸರಕಾ, ಸರಕಾ” ಎನ್ನುತ್ತ ನುಗ್ಗಿ, ಮೊಮ್ಮಗಳಿಗೆ ಕಿಟಕಿಯ ಜಾಗ ಹಿಡಿದಳು. ಖೋಲಿಯಲ್ಲಿ ನಂದಾ ಅವಳನ್ನು ಚಾಪೆಯ ಮೇಲೆ ಮಗುವಿನ ಎದುರು ಕೂರಿಸಿ, ಮಗುವಿನ ಕೈಗೆ ಒಂದು ಬಟ್ಟಲು ಕೊಟ್ಟಳು.

“ಕೂಸ ಏನ್ ಮಾಡ್ತದ ಅದನ್ನ ನೀವೂ ಮಾಡ್ರಿ ಆಜಿ. ಒಂದ ಮಾತ ಆಡ್ರಿ. ಆಮ್ಯಾಲ ಸುಮ್ಮ ಕುಂದರ್ರಿ. ಹೇಳು ಹೇಳು ಅಂತ ಜುಲುಮಿ ಬ್ಯಾಡ. ಒಂದ ಪಾಳಿ ನಿಮ್ದು, ಒಂದ ಪಾಳಿ ಕೂಸಿಂದು. ಅದು ಒಂದ ಮಾತ ಆಡಿದ್ರ, ಅದೇ ಮಾತಿಗಿ ನೀವು ಒಂದಽ ಒಂದ ಕೂಡಿಸಿ ತಿರುಗಿ ಕೊಡ್ರಿ. ಜಾಸ್ತಿ ಇಲ್ಲ.”

“ಹಾಂ, ಕಾಲಿವಿ ನೀರಿನ ಪಾಳಿ ಇದ್ದಂಗ ಅನ್ರಿ,” ನೀಲಾಬಾಯಿಯ ಮುಖ ಅರಳಿತು. “ನಮ್ಮ ಪಾಳಿ ಮುಗೀತು ಅಂದ್ರ ಮಡಿ ಕಟ್ಟಿ ಸುಮ್ಮ ಕುಂದರಬೇಕು. ನಡೂವ ಕೈ ಹಾಕಿದ್ರ ತಲಿ ಒಡೀತಾವ. ಕಾಯೂದು ನನಗ ಬರ್ತದ ಬಿಡ್ರಿ. ಎಂಟ ತಿಂಗಳ ಮಾಡೀನಿ.”

ಸೊಸೆಯ ಕಡೆ ನೋಡದೆಯೇ ಅಂದಳು. ಶೀತಲಳಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಅಂದಿನಿಂದ ಮನೆಯಲ್ಲಿ ಆಟವೇ ಆಟ. ಮಗು ಖಾಲಿ ಬಟ್ಟಲು ಅಜ್ಜಿಯ ತುಟಿಗೆ ಹಿಡಿಯಬೇಕು, ಅಜ್ಜಿ ಸೊರ್ರನೆ ಕುಡಿದು, “ಸುಡ್ತದ!” ಎಂದು ಹೌಹಾರಬೇಕು, ಮತ್ತೆ ಬಾಯಿ ಮುಚ್ಚಿ ಕಾಯಬೇಕು. ಇಪ್ಪತ್ತು ಸಲ, ಮೂವತ್ತು ಸಲ. ಒಂದು ತಿಂಗಳ ಮೇಲೆ ಮಗು “ಸುಡು” ಅಂದಿತು. ಹನ್ನೊಂದನೆಯ ಶಬ್ದವಾಗಿ ‘ಎಮ್ಮಿ’ ಬಂತು, ಹನ್ನೆರಡನೆಯದಾಗಿ ‘ಮಮ್ಮಿ’. ಶೀತಲ ಸಂತೋಷಕ್ಕೂ ಅಳುತ್ತಾ, ಸಿಟ್ಟಿಗೂ ಅಳುತ್ತಾ ಕೂತಳು.

“ಅಳಬ್ಯಾಡ ಹುಚ್ಚಿ,” ಎಂದು ನಕ್ಕಳು ನೀಲಾಬಾಯಿ. “ಎಮ್ಮಿ ಹಾಲ ಕೊಡ್ತದ. ನೀ ಬರೇ ಜುಲುಮಿ ಕೊಡ್ತಿ.”

*

ಫೋನಿನಲ್ಲಿ ಸುದ್ದಿ ಕೇಳಿ ಮಧ್ಯಾಹ್ನದ ಬಸ್ಸಿಗೆ ನಂದಾ ಬಂದಳು. ಹೆಣದ ಕಾಲು ಮುಟ್ಟಿ ನಮಸ್ಕರಿಸಿ, ಶೀತಲಳ ಹತ್ತಿರ ಬಂದು ಕುಳಿತಳು. ಭಜನೆಯವರು ತಾಳ ಇಳಿಸಿ ಚಹಾ ಕುಡಿಯುತ್ತಿದ್ದರು. ಅಂಗಳದಲ್ಲಿ ಹೆಣವನ್ನು ಕೂರಿಸಿ ಹೊತ್ತೊಯ್ಯುವ, ಬಾಳೆದಿಂಡು ಕಟ್ಟಿದ ವಿಮಾನ ತಯಾರಾಗಿತ್ತು.

ಆಗ ಈಶ್ವರಿ ಒಳಮನೆಯಿಂದ ಹೊರಗೆ ಬಂದಳು. ಕೈಯಲ್ಲಿ ಬಟ್ಟಲಿತ್ತು. ಯಾರನ್ನೂ ನೋಡದೆ, ಕುಳಿತ ಹೆಂಗಸರ ಮೊಣಕಾಲು ದಾಟುತ್ತ ನೇರ ಅಜ್ಜಿಯ ಹತ್ತಿರ ಹೋದಳು. ಹೂವಿನ ಹಾರವನ್ನು ಒಂದು ಕೈಯಿಂದ ಸರಿಸಿ, ಬಟ್ಟಲನ್ನು ಅಜ್ಜಿಯ ತುಟಿಗೆ ಹಿಡಿದಳು. ಹಿಡಿದು, ಕಾದಳು.

“ಯಪ್ಪಾ ಶಿವನೆ!” ಎಂದು ಸುಗಲಾಬಾಯಿ ಏಳಹೋದಳು. “ಕೂಸಿನ್ನ ತಗೀರಿ ಯಾರರ!”

ನಂದಾ ಅವಳ ಕೈ ಹಿಡಿದು ಕೂರಿಸಿದಳು. “ತಡೀರಿ. ಇರ್ಲಿ.”

ಮಗು ಕಾಯಿತು. ಬಟ್ಟಲು ಕೆಳಗಿಳಿಸಲಿಲ್ಲ. ಅಜ್ಜಿ ತನಗಾಗಿ ಹೇಗೆ ಕಾಯುತ್ತಿದ್ದಳೋ ಹಾಗೆಯೇ, ಹುಬ್ಬು ಮೇಲೆತ್ತಿ, ಉಸಿರು ಬಿಗಿಹಿಡಿದು ಕಾಯಿತು. ಗುರುನಾಥ ಇನ್ನೊಂದು ಕಂಬಕ್ಕೆ ಹಣೆಯಿಟ್ಟು ಅಳತೊಡಗಿದ.

ಶೀತಲಳಿಗೆ ತಡೆಯಲಾಗಲಿಲ್ಲ. ಮಗುವಿನ ತುಟಿ ಅದುರಿದ್ದನ್ನು ಕಂಡಳು. ಈಗ ಬಂತು, ಇನ್ನೇನು ಬಂತು! ಓಡಿ ಹೋಗಿ ಮಗುವಿನ ಭುಜ ಹಿಡಿದಳು. “ಹೇಳು, ಈಶ್ವರಿ, ಹೇಳು! ಅಜ್ಜಿ ಅನ್ನು! ಅಜ್ಜಿ ಏಳು ಅನ್ನು!”

ಬಟ್ಟಲು ಕೈಜಾರಿ ಉರುಳಿತು. ತುಟಿ ಮುಚ್ಚಿಕೊಂಡಿತು. ಮಗು ತಾಯಿಯ ಕೈ ಕೊಸರಿಕೊಂಡು ಮತ್ತೆ ಮಂಚದ ಕೆಳಗೆ ಸೇರಿತು. ಶೀತಲ ಅತ್ತೆಯ ಪಾದದ ಹತ್ತಿರ ಕುಸಿದು, ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಅತ್ತೆ ಕಾಯುವುದನ್ನು ಕಲಿಸಿದ್ದಳು, ಇವಳು ಕಲಿತಿರಲಿಲ್ಲ.

“ಏಳವಾ,” ಎಂದ ಸಾತಲಿಂಗಪ್ಪ ಮೆತ್ತಗೆ. “ಹೊತ್ತ ಆಗ್ತದ. ಅತ್ತಿಗೀನ್ನ ಕಳಸೂನು.”

ನಾಲ್ಕು ಗಂಡಸರು ನೀಲಾಬಾಯಿಯನ್ನು ಕುಳಿತಂತೆಯೇ ಎತ್ತಿದರು. ವಿಮಾನ ಓಣಿಯ ತಿರುವು ದಾಟುವವರೆಗೆ ಅವಳ ಇಳಕಲ್ ಸೀರೆಯ ಕೆಂಪು ಕಾಣುತ್ತಿತ್ತು. ಬಸ್ಸಿನ ಹೊತ್ತಾಗಿತ್ತು. ನಂದಾ ಹೊರಡುವಾಗ ಶೀತಲಳ ಬೆನ್ನು ಸವರಿ, “ಬರೂ ಗುರುವಾರ ಬರ್ರಿ. ನೀವಽ ಬರ್ರಿ,” ಎಂದಷ್ಟೇ ಹೇಳಿದಳು.

*

ಹೊಲದಲ್ಲಿ ಮಣ್ಣು ಕೊಟ್ಟು ಬಂದವರು ಮಿಂದು ಜಗಲಿಯಲ್ಲಿ ಕುಳಿತಿದ್ದರು. ಸುಗಲಾಬಾಯಿ ತನ್ನ ಮನೆಯಿಂದ ರೊಟ್ಟಿ, ಝುಣಕ ತಂದಿಟ್ಟಿದ್ದಳು. ಒಬ್ಬರೂ ಮುಟ್ಟಿರಲಿಲ್ಲ. ಸಂಜೆಯ ಬಿಸಿಲು ಪಡಸಾಲೆಯಿಂದ ಇಳಿದಿತ್ತು. ಅತ್ತೆಯನ್ನು ಕೂರಿಸಿದ್ದ ಜಾಗದಲ್ಲಿ ಒಂದು ಹಣತೆ, ಕಂಬಕ್ಕೆ ತಿಕ್ಕಿದ ವಿಭೂತಿ, ಉದುರಿದ ಸೇವಂತಿಗೆ ಎಸಳು.

ಶೀತಲ ಆ ಜಾಗದ ಪಕ್ಕದಲ್ಲೇ ನೆಲಕ್ಕೆ ಕುಳಿತಿದ್ದಳು. ಮಂಚದ ಕೆಳಗಿನಿಂದ ಈಶ್ವರಿ ಬಂದದ್ದು ತಿಳಿಯಿತು. ಕರೆಯಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಮಗು ಕಂಬದ ಹತ್ತಿರ ನಿಂತಿತು. ಬಿಳಿ ವಿಭೂತಿಯ ಕಲೆಯ ಮೇಲೆ ಅಂಗೈ ಇಟ್ಟಿತು. ಕಂಬದ ಹಿಂದೆ ಇಣುಕಿ ನೋಡಿತು. ತಿರುಗಿ ಬಂದು ಹಣತೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿತು. ಶೀತಲ ಸೆರಗಿನ ಚುಂಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು.

ಎಷ್ಟು ಹೊತ್ತಾಯಿತೋ. ಜಗಲಿಯಲ್ಲಿ ಯಾರೋ ಕೆಮ್ಮಿದರು.

“ಅಜ್ಜಿ,” ಎಂದಳು ಈಶ್ವರಿ. ಆಮೇಲೆ ಕಂಬವನ್ನು ನೋಡುತ್ತ, “ಅಜ್ಜಿ ಇಲ್ಲ.”

ಎರಡು ಶಬ್ದ. ಯಾರೂ ಹೇಳಿಕೊಟ್ಟಿರಲಿಲ್ಲ. ಇದಕ್ಕಾಗಿ ಶೀತಲ ಎಷ್ಟು ಗುರುವಾರ ಬಸ್ಸು ಹತ್ತಿದ್ದಳು, ಎಷ್ಟು ದೇವರಿಗೆ ಕಾಯಿ ಒಡೆದಿದ್ದಳು! ಎದ್ದು ಊರಿಗೆಲ್ಲ ಕೂಗಿ ಹೇಳಬೇಕೆನಿಸಿತು. ಮೊದಲು ಯಾರಿಗೆ ಹೇಳಬೇಕೋ ಅವಳೇ ಇರಲಿಲ್ಲ.

ಈಗ ಪಾಳಿ ಯಾರದು? ಮಗು ಆಡಿದ್ದನ್ನೇ ಆಡಬೇಕು. ಒಂದೇ ಒಂದು ಕೂಡಿಸಿ ತಿರುಗಿ ಕೊಡಬೇಕು. ಶೀತಲ ಕೆಳಗೆ ಬಾಗಿ, ಮುಖವನ್ನು ಮಗುವಿನ ಮುಖದ ಸಮಕ್ಕೆ ತಂದಳು.

“ನಮ್ಮ ಅಜ್ಜಿ ಇಲ್ಲ,” ಎಂದಳು.

ಅಷ್ಟು ಹೇಳಿ ಬಾಯಿ ಮುಚ್ಚಿದಳು. ಕಣ್ಣಿಂದ ಇಳಿದದ್ದನ್ನು ಒರೆಸಲೂ ಇಲ್ಲ. ಈಶ್ವರಿ ಹಣತೆಯಿಂದ ಮೆಲ್ಲಗೆ ತಲೆ ಎತ್ತಿ, ಹತ್ತಿರ ಸರಿದು, ತಾಯಿಯ ತುಟಿಗಳನ್ನೇ ನೋಡತೊಡಗಿದಳು.